ಸಿಬಿರಿನ ದಡ: ಒಂದು ಕಲ್ಲಚ್ಚಿನ ಚಿತ್ರ

ಬಾಲಕರ ಆಟವನ್ನು ಚಿತ್ರಿಸುವುದು ಸುಲಭವೆಂದು ತೋರುತ್ತದೆ. ಆದರೆ ಚಿತ್ರಿಸಹೊರಟವರಲ್ಲಿ ಬಹುಮಂದಿ ಆಟವನ್ನು ಮರೆತು ತಮ್ಮ ವಾತ್ಸಲ್ಯವನ್ನೇ ಚಿತ್ರಿಸಿಬಿಡುತ್ತಾರೆ. ಅಮೆರಿಕಾ ದೇಶದ ಚಿತ್ರಕಾರ ಜಾರ್ಜ್ ಬೆಲೋಸನು (1882–1925) ಆ ದಾರಿಯನ್ನು ಹಿಡಿಯಲಿಲ್ಲ. 1916ರಲ್ಲಿ ಅವನು ರಚಿಸಿದ 'ಸ್ಪ್ಲಿಂಟರ್ ಬೀಚ್', ಎಂದರೆ 'ಸಿಬಿರಿನ ದಡ', ಎಂಬ ಕಲ್ಲಚ್ಚಿನ ಚಿತ್ರವೇ ಇದಕ್ಕೆ ಸಾಕ್ಷಿ.

ಸ್ಥಳವು ನ್ಯೂಯಾರ್ಕ್ ನಗರದ ಈಸ್ಟ್ ರಿವರ್ ದಂಡೆ. ಮೇಲೆ, 1883ರಲ್ಲಿ ಸಂಚಾರಕ್ಕೆ ತೆರೆದ ಬ್ರೂಕ್ಲಿನ್ ಸೇತುವೆ. ಕೆಳಗೆ ಹಡಗುಕಟ್ಟೆಯ ಒರಟು ಮರ. ಅದರ ಮೇಲೆ ಬಡಕೇರಿಗಳ ಹುಡುಗರು ಈಜಿಗೆಂದು ನೆರೆದಿದ್ದಾರೆ. ಹಲವರ ಮೈಮೇಲೆ ಬಟ್ಟೆಯಿಲ್ಲ. ಮರಳಿರಬೇಕಾದ ಕಡೆ ಸಿಬಿರು! ಸುಖವೂ ನೋವೂ ಹೆಸರಿನಲ್ಲಿಯೇ ಕೂಡಿಕೊಂಡಿವೆ.

ಈ ಬಗೆಯ ವರ್ಣನೆ ನಮ್ಮ ಆಲಂಕಾರಿಕರಿಗೆ ಹೊಸತಲ್ಲ. ಮಕ್ಕಳೇ ಮೊದಲಾದವರ ಸಹಜವಾದ ಕ್ರಿಯೆಯನ್ನೂ ರೂಪವನ್ನೂ ವರ್ಣಿಸುವುದು ಸ್ವಭಾವೋಕ್ತಿಯೆಂದು ಮಮ್ಮಟನು 'ಕಾವ್ಯಪ್ರಕಾಶ'ದಲ್ಲಿ ಲಕ್ಷಣ ಹೇಳಿದ್ದಾನೆ. ಕುಂತಕನಾದರೋ ಇದನ್ನು ಒಪ್ಪನು; ಸ್ವಭಾವವೇ ಅಲಂಕಾರವಾದರೆ ಅಲಂಕರಿಸಲ್ಪಡುವ ವಸ್ತು ಯಾವುದು ಎಂಬುದು ಅವನ ಆಕ್ಷೇಪ. ಚಿತ್ರಕ್ಕೂ ಈ ಪ್ರಶ್ನೆ ಸಲ್ಲುತ್ತದೆ. ಕಂಡದ್ದನ್ನು ಕಂಡಂತೆ ಇಳಿಸಿದರೆ ಅದರಲ್ಲಿ ಕಲೆಯೆಲ್ಲಿ?

ಬೆಲೋಸನ ಉತ್ತರವು ಅವನ ಕೈಕೆಲಸದಲ್ಲಿದೆ. ಕಲ್ಲಚ್ಚಿನಲ್ಲಿ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆಯುತ್ತಾರೆ. ಕಲ್ಲನ್ನು ಒದ್ದೆಮಾಡಿ ಮಸಿಯುರುಳೆಯನ್ನು ಹಾಯಿಸಿದರೆ, ಮಸಿಯು ಜಿಡ್ಡಿಗೆ ಹತ್ತುತ್ತದೆ, ನೀರಿದ್ದೆಡೆ ಹತ್ತುವುದಿಲ್ಲ. 1894ರಲ್ಲಿ ಸ್ಥಾಪಿತವಾದ ರವಿವರ್ಮನ ಮುದ್ರಣಾಲಯದಿಂದ ದೇವತಾಚಿತ್ರಗಳು ನಮ್ಮ ಮನೆಗಳಿಗೆ ಬಂದದ್ದೂ ಇದೇ ವಿದ್ಯೆಯಿಂದಲೇ. ಅಲ್ಲಿ ಬಣ್ಣವು ಮಾಡಿದ್ದನ್ನು ಇಲ್ಲಿ ಕಪ್ಪೊಂದೇ ಮಾಡಬೇಕು. ಸೇತುವೆಯ ಭಾರದ ಕೆಳಗೆ ಮಕ್ಕಳ ಮೈ ಬೆಳ್ಳಗೆ ಹೊಳೆಯುವುದರಿಂದ ನಗರದ ಹಿರಿಮೆಯೂ ಅದು ಅವರಿಗೆ ಬಿಟ್ಟಿರುವ ಇಷ್ಟೇ ಇಷ್ಟು ಜಾಗವೂ ಏಕಕಾಲದಲ್ಲಿ ಕಾಣುತ್ತವೆ. ಈ ಸನ್ನಿವೇಶದ ಆಯ್ಕೆಯೇ ಅಲಂಕಾರ, ಆಟವು ಅಲಂಕಾರ್ಯ.

ದೋಷವಿಲ್ಲವೆಂದಲ್ಲ. ಇದೇ ವಸ್ತುವಿನ ರೇಖಾಚಿತ್ರವು ಮೊದಲು 1913ರಲ್ಲಿ 'ದಿ ಮ್ಯಾಸಸ್' ಎಂಬ ಸಮಾಜವಾದಿ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಪತ್ರಿಕೆಯ ವ್ಯಂಗ್ಯಚಿತ್ರದ ಅಭ್ಯಾಸವು ಕಲ್ಲಿಗೂ ಬಂದಿದೆ. ಅಲ್ಲಲ್ಲಿ ಕೈಕಾಲುಗಳನ್ನೂ ಮುಖಗಳನ್ನೂ ನಗೆಗಾಗಿ ಎಳೆದಿರುವಂತೆ ತೋರುತ್ತದೆ. ಅಲ್ಲಿ ಸ್ವಭಾವವು ತಪ್ಪಿಹೋಗಿ ಹುಡುಗನು 'ಬಡವರ ಹುಡುಗ'ನೆಂಬ ಜಾತಿಮಾತ್ರನಾಗಿಬಿಡುತ್ತಾನೆ. ಮರುಕವಾಗಲಿ ನಗೆಯಾಗಲಿ, ಎರಡೂ ದೊಡ್ಡವರು ಮೇಲಿನಿಂದ ನೋಡುವ ನೋಟಗಳೇ.

ಬೆತ್ತಲೆ ಮಕ್ಕಳ ಚಿತ್ರವು ಗೃಹಸ್ಥರಿಗೆ ತಕ್ಕುದೇ ಎಂದು ಯಾರಾದರೂ ಕೇಳಬಹುದು. ಕ್ಷೇಮೇಂದ್ರನು ಹೇಳಿದ ಔಚಿತ್ಯವು ವಸ್ತು, ದೇಶ, ಕಾಲಗಳಿಗೆ ತಕ್ಕಂತಿರುವುದು. ನೀರಿಗಿಳಿಯುವ ಹುಡುಗನಿಗೆ ಬಟ್ಟೆ ತೊಡಿಸಿದ್ದರೆ ಅದೇ ಅನೌಚಿತ್ಯವಾಗುತ್ತಿತ್ತು. ನಾಚಬೇಕಾದುದೇನಾದರೂ ಇದ್ದರೆ, ಅಷ್ಟು ದೊಡ್ಡ ಸೇತುವೆಯನ್ನು ಕಟ್ಟಿದ ನಗರವು ಮಕ್ಕಳಿಗೆ ಸಿಬಿರಿಲ್ಲದ ಒಂದು ಮೆಟ್ಟಿಲನ್ನು ಕಟ್ಟದೆಹೋದುದಕ್ಕೆ.