ಗೇಣಿ ಹೋಯಿತು, ಗುಟ್ಟಿನ ಗೇಣಿ ಬಂತು

ಕೇರಳದ ಭೂಸುಧಾರಣೆಯನ್ನು ಹೊಗಳುವವರ ಕಣ್ಣಲ್ಲಿರುವುದು ದಕ್ಷಿಣದ ಭತ್ತದ ಗದ್ದೆ. ಕಾಸರಗೋಡಿನ ಪೆರ್ಲದ ಪೇಟೆಯಲ್ಲಿ ನಿಂತು ನೋಡಿದರೆ ಅದೇ ಕಾನೂನು ಬೇರೆ ಥರ ಕಾಣುತ್ತದೆ. ಎಣ್ಮಕಜೆಯಲ್ಲಿ ತಗ್ಗಿನಲ್ಲಿ ಅಡಿಕೆ ತೋಟ, ಮೇಲೆ ಗುಡ್ಡೆ, ಗುಡ್ಡೆಯೊಳಗೆ ನೀರಿನ ಸುರಂಗ. ಜಾಗದ ಮಾತು ಬಂದರೆ ವರ್ಗ, ಕುಮ್ಕಿ, ಮೂಲಗೇಣಿ, ಚಾಲಗೇಣಿ ಎಂಬ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಶಬ್ದಗಳೇ ಇಂದಿಗೂ ಹಿರಿಯರ ಬಾಯಲ್ಲಿ ಬರುವುದು. 1956ರ ನವೆಂಬರ್ 1ಕ್ಕೆ ರಾಜ್ಯ ಬದಲಾಯಿತು, ಶಬ್ದ ಬದಲಾಗಲಿಲ್ಲ.

ಮೊದಲು ಸಲ್ಲಬೇಕಾದ್ದನ್ನು ಸಲ್ಲಿಸಿಬಿಡೋಣ. ಚಾಲಗೇಣಿಯ ಒಕ್ಕಲಿಗೆ ಆಧಾರವಿದ್ದದ್ದು ಧಣಿಯ ಮನಸ್ಸೊಂದೇ. ಧಣಿ ಮುನಿದರೆ ವರ್ಷದ ಕೊನೆಗೆ ಜಾಗ ಬಿಡಬೇಕು. 1963ರ ಭೂಸುಧಾರಣಾ ಕಾಯ್ದೆ, 1969ರ ತಿದ್ದುಪಡಿಯೊಂದಿಗೆ 1970ರ ಜನವರಿ 1ರಿಂದ ಇದನ್ನು ಮುಗಿಸಿತು. ಧಣಿಯ ಹಕ್ಕು ಸರ್ಕಾರಕ್ಕೆ ಸೇರಿತು. ನ್ಯಾಯವಾದ ಗೇಣಿಯ 16 ಪಟ್ಟನ್ನು ಕಂತಿನಲ್ಲಿ ಕಟ್ಟಿ ಒಕ್ಕಲು ಜಾಗದ ಯಜಮಾನನಾಗಬಹುದಾಯಿತು. ಪರರ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡವರಿಗೂ ಪಂಚಾಯತು ಪ್ರದೇಶದಲ್ಲಿ 10 ಸೆಂಟ್ಸಿನ ಹಕ್ಕು ಬಂತು. ದುಡಿಯುವ ಗಂಡಾಳಿಲ್ಲದೆ ನಾಲ್ಕು ಮುಡಿ ಗದ್ದೆ ಗೇಣಿಗೆ ಕೊಟ್ಟಿದ್ದ ವಿಧವೆಯೂ ದೊಡ್ಡ ಧಣಿಯ ಸಾಲಿನಲ್ಲೇ ನಿಲ್ಲಬೇಕಾಯಿತು ಎಂಬ ದೂರು ಸುಳ್ಳಲ್ಲ. ಆದರೂ ಒಟ್ಟಾರೆ ನ್ಯಾಯ ಒಕ್ಕಲಿನ ಕಡೆಯೇ ಇತ್ತು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಧಣಿಗಳ ಕಡೆಯಿಂದ ಬಂದ ದೊಡ್ಡ ಸವಾಲೂ ನಮ್ಮ ಜಿಲ್ಲೆಯದ್ದೇ. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ 1970ರಲ್ಲಿ ಇದೇ ಕಾಯ್ದೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಾಧೀಶರು 68 ದಿನ ವಾದ ಕೇಳಿ, 1973ರ ಏಪ್ರಿಲ್ 24ರಂದು 7-6ರ ಬಹುಮತದಿಂದ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡಿಸುವಂತಿಲ್ಲ ಎಂದರು. ದೇಶಕ್ಕೆ ದೊಡ್ಡ ತತ್ವ ಸಿಕ್ಕಿತು, ಮಠಕ್ಕೆ ಜಾಗ ಸಿಗಲಿಲ್ಲ.

ಕಾಯ್ದೆಯ ನಿಜವಾದ ದೋಷ ಇರುವುದು ಅದು ತೋಟವನ್ನು ನೋಡಿದ ರೀತಿಯಲ್ಲಿ. ಚಹಾ, ಕಾಫಿ, ರಬ್ಬರ್, ಕೊಕ್ಕೊ, ಏಲಕ್ಕಿ, ದಾಲ್ಚಿನ್ನಿ ಬೆಳೆದರೆ ಪ್ಲಾಂಟೇಶನ್, ಭೂಮಿತಿಯಿಂದ ವಿನಾಯಿತಿ. ಅಡಿಕೆ ಆ ಪಟ್ಟಿಯಲ್ಲಿಲ್ಲ. ಸಸಿ ನೆಟ್ಟು ಐದಾರು ವರ್ಷ ಕಾದು, ಗುಡ್ಡೆ ಕೊರೆದು ನೀರು ತಂದು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಕೃಷಿ ಯಾವ ಲೆಕ್ಕದಲ್ಲಿ ರಬ್ಬರಿಗಿಂತ ಕಡಿಮೆ? ಇದು ಕೃಷಿಯನ್ನು ಬಲ್ಲವರು ಮಾಡಿದ ವಿಂಗಡಣೆಯಲ್ಲ, ಎಸ್ಟೇಟಿನವರ ಮಾತು ಕೇಳಿದವರು ಮಾಡಿದ್ದು.

ಧಣಿ ಸರ್ಕಾರವೇ ಆದಾಗಲಂತೂ ಕೇಳುವವರೇ ಇಲ್ಲ. ಪಡ್ರೆ, ಸ್ವರ್ಗ ಎಂಬ ಊರುಗಳ ಮೇಲಿನ ಗುಡ್ಡೆಗಳಲ್ಲಿ ಗೇರು ಬೆಳೆದದ್ದು ಸರ್ಕಾರಿ ಪ್ಲಾಂಟೇಶನ್ ಕಾರ್ಪೊರೇಶನ್. 2000ನೇ ಇಸವಿಯವರೆಗೆ ಎರಡು ದಶಕ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕ ಕೆಳಗಿನ ಬಾವಿಗೂ ತೋಟಕ್ಕೂ ಇಳಿಯಿತು. ಒಕ್ಕಲನ್ನು ಧಣಿಯಿಂದ ಕಾಪಾಡಿದ ಕಾನೂನಿನಲ್ಲಿ ನೆರೆಯವನನ್ನು ಇಂಥ ಧಣಿಯಿಂದ ಕಾಪಾಡುವ ಒಂದು ಸಾಲೂ ಇರಲಿಲ್ಲ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಸುಪ್ರೀಂ ಕೋರ್ಟು ಹೇಳುವಾಗ 2017 ಆಗಿತ್ತು.

ಇನ್ನು ಇವತ್ತಿನ ಜಗಳ. ಕಾಯ್ದೆಯ 74ನೇ ಸೆಕ್ಷನ್ ಹೊಸ ಗೇಣಿಯನ್ನೇ ನಿಷೇಧಿಸಿದೆ. ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇದ್ದಾರೆ, ಅಪ್ಪನಿಗೆ ತೋಟಕ್ಕಿಳಿಯಲು ಮೊಣಕಾಲು ಬಿಡುವುದಿಲ್ಲ. ಪಕ್ಕದ ಹುಡುಗ ತೋಟ ನೋಡಿಕೊಳ್ಳಲು ತಯಾರಿದ್ದಾನೆ. ಗೇಣಿ ಎಂದು ಬರೆದರೆ ಕಾನೂನು ಒಪ್ಪದು. ಬರೆಯದೆ ಕೊಟ್ಟರೆ ನಾಳೆ ಜಾಗ ಹೋದೀತು ಎಂಬ ಭಯ ಯಜಮಾನನಿಗೆ. ಹಾಗಾಗಿ ‘ಫಸಲು ಮಾತ್ರ ಗುತ್ತಿಗೆ’ ಎಂದೋ ‘ಸುಮ್ಮನೆ ನೋಡಿಕೊಳ್ಳುವುದು’ ಎಂದೋ ಬಾಯಿಮಾತಿನ ಏರ್ಪಾಡು, ಅದೂ ಒಂದೆರಡು ವರ್ಷಕ್ಕೆ. ಮುಂದಿನ ವರ್ಷ ತಾನು ಇರುತ್ತೇನೋ ಇಲ್ಲವೋ ಎಂಬವನು ಅಡಿಕೆ ಕೊಯ್ದಾನೇ ಹೊರತು ಬುಡಕ್ಕೆ ಸೊಪ್ಪು ಹಾಕುವುದಿಲ್ಲ, ಸುರಂಗದ ಹೂಳೆತ್ತುವುದಿಲ್ಲ. ತೀರ್ವೆ ರಶೀದಿ ಯಜಮಾನನ ಹೆಸರಿನಲ್ಲಿರುವುದರಿಂದ ಬೆಳೆ ಹಾಳಾದಾಗ ಪರಿಹಾರಕ್ಕೆ ಅರ್ಜಿ ಕೊಡಲೂ ದುಡಿದವನ ಕೈಯಲ್ಲಿ ಕಾಗದವಿಲ್ಲ. ಒಕ್ಕಲನ್ನು ಉಳಿಸಲು ಬಂದ ಕಾನೂನಿನಲ್ಲಿ ಹೊಸ ಒಕ್ಕಲಿಗೆ ಹೆಸರೇ ಇಲ್ಲ. ಚಾಲಗೇಣಿಯವನಿಗೆ ಒಂದು ಗೇಣಿಚೀಟಿಯಾದರೂ ಇರಬಹುದಿತ್ತು, ಇವನಿಗೆ ಅದೂ ಇಲ್ಲ.

ಗಡಿಯಾಚೆ ಹೋದರೆ ಪರಿಹಾರ ಸಿಗುತ್ತದೆಂದಲ್ಲ. ಕರ್ನಾಟಕವೂ 1974ರ ತಿದ್ದುಪಡಿಯಿಂದ ಗೇಣಿಯನ್ನು ಹೆಚ್ಚುಕಡಿಮೆ ಮುಚ್ಚಿತು. ವಿಟ್ಲದ ತೋಟದವರೂ ಇದೇ ಭಯದಲ್ಲಿದ್ದಾರೆ. ಯಜಮಾನನ ಹಕ್ಕಿಗೆ ಕುಂದಿಲ್ಲದೆ ಗೇಣಿಯನ್ನು ದಾಖಲಿಸಬಹುದೆಂದು ನೀತಿ ಆಯೋಗ 2016ರಲ್ಲೇ ಮಾದರಿ ಕಾಯ್ದೆ ಮುಂದಿಟ್ಟಿದೆ. ಅದನ್ನು ಹಾಗೆಯೇ ಎತ್ತಿಕೊಳ್ಳಬೇಕಿಲ್ಲ. ಕಂಪೆನಿಗಳು ಆ ಬಾಗಿಲಲ್ಲಿ ನುಗ್ಗದಂತೆ ಪಂಚಾಯತಿನೊಳಗಿನ ಕೃಷಿಕರಿಗೂ ಕುಟುಂಬಶ್ರೀ ಗುಂಪುಗಳಿಗೂ ಸೀಮಿತ ಮಾಡಬಹುದು. ಅಡಿಕೆ ತೋಟಕ್ಕೆ ಕನಿಷ್ಠ ಹತ್ತು ವರ್ಷದ ಅವಧಿ, ಎರಡೂ ಕಡೆಯವರ ಸಹಿ, ವಿಲೇಜ್ ಆಫೀಸಿನಲ್ಲಿ ಕನ್ನಡದಲ್ಲೂ ಸಿಗುವ ಒಂದು ಪ್ರತಿ. 74ನೇ ಸೆಕ್ಷನ್ನಿಗೆ ಇಷ್ಟು ತಿದ್ದುಪಡಿ ತರಿಸಿ ಎಂದು ಮಂಜೇಶ್ವರದ ಶಾಸಕರನ್ನು ಕೇಳುವ ಕೆಲಸ ತೋಟದ ಯಜಮಾನರೂ ತೋಟ ನೋಡಿಕೊಳ್ಳುವವರೂ ಒಟ್ಟಾಗಿ ಮಾಡಬೇಕು.