ಎಂಜಿನ್ ನಿಂತ ಮೇಲೆ ನೋಡಿ

ಮಾಡೆಲ್ ವಿಮಾನ ಎರಡು ಲಾಗ ಹೊಡೆದ ಕೂಡಲೇ ಚಪ್ಪಾಳೆ ತಟ್ಟಿ, ಅದು ಇಳಿಯುವ ಮೊದಲೇ ಫೋನ್ ಜೇಬಿಗಿಟ್ಟು ಹೊರಡುವವರನ್ನು ಕಂಡರೆ ನನಗೆ ಮೈಯುರಿಯುತ್ತದೆ. ನೋಡಬೇಕಾದದ್ದು ಶುರುವಾಗುವುದೇ ಆಗ. ಎಂಜಿನ್ ಸದ್ದಡಗಿದ ಮೇಲೆ ಕಟ್ಟಿದವನ ಕೈಗುಣ ಬಯಲಾಗುತ್ತದೆ.

ಹುಡುಗನಾಗಿದ್ದಾಗ ಎನ್‌ಸಿಸಿ ಏರ್ ವಿಂಗ್‌ನ ಪ್ರದರ್ಶನವೊಂದಕ್ಕೆ ಹೋಗಿದ್ದೆ. ಕಂಟ್ರೋಲ್ ಲೈನ್ ಮಾಡೆಲ್‌ಗಳು ತಂತಿಯ ತುದಿಯಲ್ಲಿ ಭರ್ರೆಂದು ಸುತ್ತುತ್ತಿದ್ದರೆ ನಾವೆಲ್ಲ ಕೇಕೆ ಹಾಕುತ್ತಿದ್ದೆವು. ಕೊನೆಗೆ ಹಿರಿಯರೊಬ್ಬರು ಹಗುರ ಬಾಲ್ಸಾ ಮರದ, ಎಂಜಿನ್ ಇಲ್ಲದ ಗ್ಲೈಡರ್ ಹಿಡಿದು ಬಂದು, ಗಾಳಿಗೆ ಎದುರಾಗಿ ನಿಂತು, ಮೆಲ್ಲನೆ ಮುಂದಕ್ಕೆ ಬಿಟ್ಟರು. ಅದು ತಲೆದೂಗುತ್ತಾ ಹೋಗಿ ಬಿತ್ತು. ಅವರು ಮೂಗಿಗೆ ಒಂದು ಚಿಟಿಕೆ ಕ್ಲೇ ಮೆತ್ತಿ ಮತ್ತೆ ಬಿಟ್ಟರು. ಈ ಸಲ ಅದು ಒಂದೇ ಹದದಲ್ಲಿ ದೊಡ್ಡ ಸುತ್ತು ಬಳಸಿ ಹುಲ್ಲಿನ ಮೇಲೆ ಕೂತಿತು. ನನ್ನ ಕಣ್ಣು ತೆರೆದದ್ದು ಆ ಚಿಟಿಕೆ ಕ್ಲೇಯಿಂದ. ಅದು ಸರಿಪಡಿಸಿದ್ದು ತೂಕದ ಸಮತೋಲವನ್ನು.

ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಕಾಲು ಭಾಗಕ್ಕೂ ಮೂರನೇ ಒಂದು ಭಾಗಕ್ಕೂ ನಡುವೆ ಎರಡು ಬೆರಳು ಕೊಟ್ಟು ಎತ್ತಿದರೆ ಮಾಡೆಲ್ ಸಮವಾಗಿ ನಿಲ್ಲಬೇಕು. ಬಾಲ ಭಾರವಾದರೆ ಮೂಗೆತ್ತುತ್ತದೆ, ವೇಗ ಕಳೆದುಕೊಂಡು ಕುಸಿಯುತ್ತದೆ, ಮತ್ತೆ ಮೂಗೆತ್ತುತ್ತದೆ. ಮೂಗು ಭಾರವಾದರೆ ಸೀದಾ ನೆಲಕ್ಕೆ. ಬಾಲದ ಕೋನವೂ ಅಷ್ಟೇ ಮುಖ್ಯ. 1871ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಪ್ರಯೋಗಶೀಲ ಅಲ್ಫೋನ್ಸ್ ಪೆನೋ ಹಾರಿಸಿದ, ತಿರುಚಿದ ರಬ್ಬರಿನ ಬಲದ ಮಾಡೆಲ್ 11 ಸೆಕೆಂಡು ತಾನಾಗಿ ಹಾರಿತು. ಬಾಲದ ರೆಕ್ಕೆಯನ್ನು ತುಸು ಓರೆಯಾಗಿ ಕೂರಿಸಿದ್ದೇ ಅದರ ಗುಟ್ಟು. ಬಾಲ್ಸಾ ಹಾಳೆ ಕೊಳ್ಳುವಾಗಲೂ ಕೈಯಲ್ಲಿ ತೂಗಿ ನೋಡಿ. ಒಂದೇ ಅಳತೆಯ ಎರಡು ಹಾಳೆಗಳಲ್ಲಿ ಒಂದು ಇನ್ನೊಂದರ ಎರಡರಷ್ಟು ಭಾರವಿರಬಹುದು. ಹಗುರವಾದದ್ದು ಬಾಲಕ್ಕೆ, ಗಟ್ಟಿಯಾದದ್ದು ರೆಕ್ಕೆಯ ತೊಲೆಗೆ.

ಮೊದಲು ತೇಲಾಟ, ಆಮೇಲೆ ಎಂಜಿನ್: ನಮ್ಮ ಬೆಂಗಳೂರಿನ ಪಾಠವೂ ಇದೇ. ಇಲ್ಲಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನಲ್ಲಿ ಜರ್ಮನ್ ವಿನ್ಯಾಸಕಾರ ಕುರ್ಟ್ ಟಾಂಕ್ ಮರುತ್ ಯುದ್ಧವಿಮಾನ ರೂಪಿಸುವಾಗ, ಮೊದಲು ಅದೇ ಗಾತ್ರದ ಮರದ ಗ್ಲೈಡರ್ ಕಟ್ಟಿಸಿ 1959ರಲ್ಲಿ ಡಕೋಟಾ ವಿಮಾನದ ಹಿಂದೆ ಎಳೆದೊಯ್ದು ಹಾರಿಸಿದರು. ಎಂಜಿನ್ ಇರುವ ಮರುತ್ ಹಾರಿದ್ದು 1961ರ ಜೂನ್ 17ರಂದು, ಪೈಲಟ್ ಸುರಂಜನ್ ದಾಸ್ ಕೈಯಲ್ಲಿ. ಹಳೇ ಮದ್ರಾಸ್ ರಸ್ತೆಗೂ ಹಳೇ ಏರ್‌ಪೋರ್ಟ್ ರಸ್ತೆಗೂ ನಡುವಿನ ಸುರಂಜನ್ ದಾಸ್ ರಸ್ತೆಯ ಟ್ರಾಫಿಕ್ಕಿನಲ್ಲಿ ದಿನವೂ ನಿಲ್ಲುವ ಎಷ್ಟು ಜನರಿಗೆ ಈ ಹೆಸರು ಗೊತ್ತು? ಎಚ್‌ಎಎಲ್ ಹೆರಿಟೇಜ್ ಸೆಂಟರ್‌ನಲ್ಲಿ ಮರುತ್ ನಿಂತಿದೆ. ಸೆಲ್ಫಿಗೆ ಮುಂಚೆ ಅದರ ರೆಕ್ಕೆಯನ್ನೊಮ್ಮೆ ಬದಿಯಿಂದ ನೋಡಿ.

ಡಬ್ಬಿಯಿಂದ ತೆಗೆದು ಹಾರಿಸುವ ಫೋಮ್ ವಿಮಾನದಲ್ಲಿ ಕಟ್ಟಿದವನ ತಪ್ಪನ್ನೆಲ್ಲ ಸಮತೋಲ ಕಾಯುವ ಗೈರೋ ಮುಚ್ಚಿಹಾಕುತ್ತದೆ. ಅದರಿಂದ ಕಲಿಯುವುದೇನೂ ಇಲ್ಲ. ಡ್ರೋನ್ ಬೇರೆಯೇ ಕಸುಬು; ಆದರೂ ರಿಮೋಟ್ ಮಾಡೆಲ್‌ಗೆ 2021ರ ಡ್ರೋನ್ ನಿಯಮಗಳು ಅನ್ವಯಿಸುತ್ತವೆ. ಎಲ್ಲಿ ಹಾರಿಸಬಹುದೆಂದು ತೋರಿಸುವ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಹಾರಿಸಬೇಡಿ. ಎಚ್‌ಎಎಲ್ ರನ್‌ವೇ ಸುತ್ತಮುತ್ತಲಂತೂ ಬೇಡವೇ ಬೇಡ. ಕೈಯಿಂದ ಬಿಡುವ ಪುಟ್ಟ ಗ್ಲೈಡರ್‌ಗೆ ಬಡಾವಣೆಯ ಆಟದ ಮೈದಾನವೇ ಸಾಕು. ಬೆಳಿಗ್ಗೆ ಗಾಳಿ ಏಳುವ ಮುನ್ನ ಮಕ್ಕಳನ್ನೂ ಕರೆದುಕೊಂಡು ಹೋಗಿ. ಜೊತೆಗೆ ಒಂದು ಬ್ಲೇಡು, ಅಂಟು, ಒಂದು ಉಂಡೆ ಕ್ಲೇ ಇರಲಿ.