ಹತ್ತು ಒಡೆಯುವ ಚಂದ

ಎರಡರಲ್ಲಿ ಏಳು ಹೋಗುವುದಿಲ್ಲ. ಪಕ್ಕದ ಹತ್ತನ್ನು ಒಡೆಯಬೇಕು. 52ರಲ್ಲಿ 27 ಕಳೆಯುವಾಗ ಕಪ್ಪುಹಲಗೆಯ ಮೇಲೆ ಕಾಣುವುದು ಅಂಕಿಯ ಮೇಲೊಂದು ಗೀಟು ಮಾತ್ರ. ಗಣಿತದ ತಂತ್ರಾಂಶದಲ್ಲಿ ಹತ್ತರ ಕಡ್ಡಿಯೇ ಹತ್ತು ಬಿಡಿಗಳಾಗಿ ಒಡೆಯಬಲ್ಲದು. ಹನ್ನೆರಡಾದ ಬಿಡಿಗಳಿಂದ ಏಳನ್ನು ಮಗುವೇ ಬೆರಳಿನಿಂದ ಎಳೆದು ಹೊರಗಿಡಬಹುದು. ತಪ್ಪಿದರೆ ಯಾರೂ ನಗುವುದಿಲ್ಲ, ಇನ್ನೊಮ್ಮೆ ಮಾಡಿದರಾಯಿತು. ಈ ತಾಳ್ಮೆಗೇ ನಾನು ಮನಸೋತದ್ದು.

ಬೆಂಗಳೂರಿನ ಅಕ್ಷರ ಫೌಂಡೇಶನ್‌ನ ‘ಬಿಲ್ಡಿಂಗ್ ಬ್ಲಾಕ್ಸ್’ ಎಂಬ ಗಣಿತದ ಆಟಗಳ ಆ್ಯಪ್ ಉಚಿತ, ಕನ್ನಡದಲ್ಲೂ ಇದೆ, ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಡೇಟಾ ಉಳಿಸಿ ಬಳಸುವ ಮನೆಗಳಿಗೆ ಇದು ಸಣ್ಣ ಮಾತಲ್ಲ. (ಮಣಿ, ಕಡ್ಡಿ ಮುಟ್ಟಿ ಕಲಿತ ಮೇಲೆ ಆಡಿದರೆ ಇನ್ನೂ ಚೆನ್ನ.)

ಲೆಕ್ಕ ಪರದೆಯಾಚೆಗೂ ಇದೆ: ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ ಮಾರುಕಟ್ಟೆಯ ಅಂಗಳದಲ್ಲಿ ಚೀಲ, ಕ್ವಿಂಟಲ್, ದರದ ಲೆಕ್ಕ ದಿನವೂ ಓಡುತ್ತದೆ. ಅಲ್ಲಿಯ ಉಳ್ಳಾಗಡ್ಡಿ ಚೀಲಗಳೂ ಇಂಥ ಆಟಗಳೊಳಗೆ ಬರಲಿ ಎಂಬುದು ನನ್ನ ಆಸೆ.